ಮೂರೇಟಿನವನ ಮನೆಯ ಎರೆಹುಳು

ಆ ಬೀದಿಯ ಕಟುಕನಿಗೆ ಮೂರೇಟು ಎಂದೇ ಹೆಸರು. ಎಂಥ ಗಟ್ಟಿ ತೊಡೆಮೂಳೆಯಾದರೂ ಮೂರೇ ಏಟಿಗೆ ಎರಡು ತುಂಡು. ನಾಲ್ಕನೆಯ ಏಟು ಬಿದ್ದದ್ದನ್ನು ಕಂಡವರಿಲ್ಲ. ಅವನ ಹೆಂಡತಿ ಕಂಡಿದ್ದಳು. ಮನೆಯಲ್ಲಿ ಅವನು ಎಣಿಸುತ್ತಿರಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಗಾದೆ ಕಟ್ಟಿದವರು ಈ ಮನೆಗೆ ಬಂದಿರಲಿಲ್ಲ ಬಿಡಿ. ಇಲ್ಲಿ ಉಣ್ಣುವ ತಟ್ಟೆಯೇ ಮೊದಲು ಗೋಡೆಗೆ ಹಾರುತ್ತಿತ್ತು. ಉಪ್ಪು ಹೆಚ್ಚಾಯಿತು, ಏಟು. ಬಾಗಿಲು ತೆರೆಯುವುದು ತಡವಾಯಿತು, ಏಟು. ಇಪ್ಪತ್ತಾರು ವರ್ಷದಲ್ಲಿ ಅವಳ ಒಂದು ಹಲ್ಲು ಹೋಗಿತ್ತು, ಎಡಗಿವಿ ಮಂದವಾಗಿತ್ತು. ಗೂಟದಿಂದ ಅಂಗಿ ತೆಗೆಯಲು ಅವನು ಕೈ ಎತ್ತಿದರೂ ಅವಳ ಮೊಣಕೈ ತಾನಾಗಿ ಮುಖಕ್ಕೆ ಅಡ್ಡ ಬರುತ್ತಿತ್ತು.

ಅವಳಿಗೆ ಒಂದು ಕಚೇರಿಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಹಿತ್ತಲಲ್ಲಿ ನಾಲ್ಕು ಟೊಮೆಟೊ ಗಿಡ ನೆಟ್ಟಿದ್ದಳು, ನಾಲ್ಕೂ ಹಳದಿ ತಿರುಗಿ ಕೂತಿದ್ದವು. ಕಚೇರಿಯ ತೋಟದ ಮಾಲಿ ಅವಳ ಹಿತ್ತಲಿನ ಹಿಡಿ ಮಣ್ಣನ್ನು ಮೂಸಿ ನೋಡಿ, "ಇದರಲ್ಲಿ ಜೀವಾನೇ ಇಲ್ಲ ಅಕ್ಕಾ. ಎರೆಹುಳ ಸಾಕಿ," ಎಂದ. ಎರಡು ಹಿಡಿ ಹುಳ ಕೊಟ್ಟು, "ಸಿಪ್ಪೆ, ಸೊಪ್ಪು, ಒದ್ದೆ ಕಾಗದ, ಅಷ್ಟೇ. ಉಪ್ಪು, ಎಣ್ಣೆ, ಮಾಂಸ ಇವೆಲ್ಲ ತೋರಿಸಲೇಬೇಡಿ," ಎಂದೂ ಹೇಳಿದ.

ಎರಡು ಹಳೆಯ ಪ್ಲಾಸ್ಟಿಕ್ ಟಬ್ಬು ಹುಡುಕಿದಳು. ಕಬ್ಬಿಣದ ಸರಳನ್ನು ಒಲೆಯಲ್ಲಿ ಕೆಂಪಗೆ ಕಾಯಿಸಿ ಒಂದರ ತಳಕ್ಕೂ ಮುಚ್ಚಳಕ್ಕೂ ತೂತು ಚುಚ್ಚಿದಳು. ಚುರ್ ಎಂದು ಪ್ಲಾಸ್ಟಿಕ್ ಕರಗುವಾಗ ಅವಳಿಗೆ ಯಾಕೋ ಹಿತವೆನಿಸಿತು. ನೀರು ಇಳಿಯಲಿ ಎಂದು ತೂತಿನ ಟಬ್ಬನ್ನು ಇನ್ನೊಂದರೊಳಗೆ ಕೂರಿಸಿ, ಹರಿದ ಪತ್ರಿಕೆ, ಮಣ್ಣು, ಸಿಪ್ಪೆ ಹಾಕಿ, ಹುಳ ಬಿಟ್ಟು, ಮೇಲೆ ಒದ್ದೆ ಗೋಣಿ ಹೊದಿಸಿದಳು. ಆಗಲೇ ಮನಸ್ಸಿನಲ್ಲಿ ಒಂದು ಮಾತು ಕಟ್ಟಿಕೊಂಡಳು: ಈ ಮನೆಯಲ್ಲಿ ಹೆದರಿಕೆಯಿಲ್ಲದೆ ಒಂದಾದರೂ ಜೀವ ಬದುಕುತ್ತದೋ ನೋಡೋಣ. ಬದುಕಿದರೆ ಇರುವುದು, ಇಲ್ಲದಿದ್ದರೆ ತಂಗಿಯ ಮನೆ. ಬಟ್ಟೆ ತುಂಬಿದ ಚೀಲ ಅಟ್ಟದ ಮೇಲೆ ಸಿದ್ಧವಾಗಿಯೇ ಇತ್ತು.

ಹುಳ ಬದುಕಿದವು, ಹೆಚ್ಚಿದವು. ಒಂದು ತಿಂಗಳ ಮೇಲೆ ಅವಳು ತಂಗಿಯನ್ನು ನೋಡಲು ಎರಡು ದಿನ ಹೋಗಿ ಬಂದಾಗ ಹಿತ್ತಲು ಗಬ್ಬು ನಾರುತ್ತಿತ್ತು. ಗಂಡ ಮಚ್ಚು ಹಿಡಿದು ಟಬ್ಬಿನೊಳಗೆ ಕೊಚ್ಚುತ್ತಿದ್ದ. ಒಳಗೊಂದು ಹೆಗ್ಗಣ ಕಿರುಚುತ್ತಿತ್ತು. ಮೂರನೆಯ ಏಟಿಗೆ ಅದರ ಸದ್ದು ನಿಂತಿತು, ಟಬ್ಬು ಸೀಳಿತು, ರಕ್ತವೂ ಕೊಳೆತ ಕರುಳೂ ಅವನ ಕಾಲ ಮೇಲೆ ಹರಿದವು. ಮುಚ್ಚಳದ ತೂತುಗಳಿಂದ ಹೊರಬಿದ್ದ ಹುಳಗಳು ಕಲ್ಲಿನ ಮೇಲೆ ದಾರದ ಹಾಗೆ ಒಣಗಿ ಅಂಟಿದ್ದವು.

"ಬರೀ ಸಿಪ್ಪೆ ತಿಂದು ಏನ್ ಬದುಕ್ತಾವೆ ಅವು? ಅಂಗಡೀಲಿ ಉಳಿದ ಕರುಳು, ರಕ್ತ ಎಲ್ಲಾ ತಂದು ಹಾಕಿದ್ದೆ. ಹೆಬ್ಬೆರಳ ಗಾತ್ರ ಬೆಳೀಲಿ ಅಂತ," ಎಂದ. ಪಾಪ, ಮಹಾರಾಯ ಒಳ್ಳೆಯದು ಮಾಡಲೆಂದೇ ಹೊರಟಿದ್ದ! ಮಾಂಸ ತಿನ್ನದೆ ಬದುಕುವ ಪ್ರಾಣಿಯ ಮೇಲೆ ಅವನಿಗೆ ನಂಬಿಕೆಯೇ ಇರಲಿಲ್ಲ.

"ಕೊಂದುಬಿಟ್ರಲ್ರೀ," ಎಂದಳು.

"ನಿನಗೋಸ್ಕರ ಹೊತ್ತು ತಂದರೆ ನನಗೇ ಬಾಯಿ ಮಾಡ್ತೀಯಾ?" ಅವನ ಪಿತ್ತ ನೆತ್ತಿಗೇರಿತು. ಮಚ್ಚು ಎಸೆದು ಕೆನ್ನೆಗೆ ಬಿಟ್ಟ. ಅವಳ ಬಾಯಿ ರಕ್ತದಿಂದ ತುಂಬಿತು. ಎರಡನೆಯದು ಪಕ್ಕೆಗೆ ಬಿತ್ತು. ಉಸಿರು ಕಟ್ಟಿ ಹುಳಗಳ ಮೇಲೆಯೇ ಬಿದ್ದಳು, ಅಂಗೈಗೆ ಅವು ಮೆತ್ತಿಕೊಂಡವು. ಮೂರನೆಯದಕ್ಕೆ ಅವನ ಬಲಗೈ ಮೇಲೇರಿತು. ಗೋಡೆಗೆ ಒರಗಿದ್ದ ಗುದ್ದಲಿ ಅವಳ ಕೈಗೆ ಹೇಗೆ ಬಂತೋ, ಅದರ ಹಿಂಬದಿಯಿಂದ ಇದ್ದ ಬಲವನ್ನೆಲ್ಲ ಹಾಕಿ ಬೀಸಿದಳು. ಮಣಿಕಟ್ಟು ಲಟಕ್ಕೆಂದಿತು. ಮೂಳೆ ಮುರಿಯುವ ಸದ್ದು ಅವನಿಗೆ ಹೊಸದೇನಲ್ಲ, ತನ್ನದನ್ನು ಮಾತ್ರ ಅಂದೇ ಮೊದಲು ಕೇಳಿದ.

ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು. "ಬಚ್ಚಲಲ್ಲಿ ಜಾರಿ ಬಿದ್ರು ಡಾಕ್ಟ್ರೇ," ಎಂದಳು. ತನ್ನ ಹಲ್ಲು ಹೋದಾಗಲೂ ಅದೇ ಸುಳ್ಳು ಹೇಳಿದ್ದಳು, ಬಾಯಿಗೆ ರೂಢಿಯಾಗಿತ್ತು.

ಮಣ್ಣಿನಡಿ ಮೂವತ್ತೋ ನಲವತ್ತೋ ಹುಳ ಉಳಿದಿದ್ದವು. ಹೊಸ ಟಬ್ಬು ಬಂತು. ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಕೂತ ಮೂರೇಟು ಎಡಗೈಯಿಂದ ಸಿಪ್ಪೆ ಹಾಕಿ ನೀರು ಚಿಮುಕಿಸುತ್ತಿದ್ದ. ಎರಡು ತಿಂಗಳು ಒಂದು ತಟ್ಟೆಯೂ ಹಾರಲಿಲ್ಲ. ಅಟ್ಟದ ಚೀಲವನ್ನು ಬಿಚ್ಚಿಬಿಡಬಹುದೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಒಂದು ಬೆಳಿಗ್ಗೆ ಅವನು ಟಬ್ಬಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದಾಗ, ಟೊಮೆಟೊ ಬುಡ ಸಡಿಲಿಸಲು ಅವಳು ಅವನ ಹಿಂದೆ ಗುದ್ದಲಿ ಎತ್ತಿದಳು. ನೆಲದ ಮೇಲೆ ಅದರ ನೆರಳು ಕಂಡದ್ದೇ ತಡ, ಅವನು ಮುದುಡಿ ಎಡ ಮೊಣಕೈಯನ್ನು ಮುಖಕ್ಕೆ ಅಡ್ಡ ಹಿಡಿದ. ಆ ಮೊಣಕೈಯನ್ನು ಅವಳಷ್ಟು ಬಲ್ಲವರು ಯಾರು? ನೋಡಿ ಅವಳಿಗೆ ಖುಷಿಯಾಯಿತು. ಹೊಟ್ಟೆ ತುಂಬುವಷ್ಟು ಖುಷಿ. ಇನ್ನೊಂದು ಸಲ ಎತ್ತಿ ನೋಡೋಣ ಎನ್ನಿಸಿತು.

ಹಾಗೆ ಅನ್ನಿಸಿದ್ದಕ್ಕೇ ಅವಳ ಮೈ ತಣ್ಣಗಾಯಿತು. ಗುದ್ದಲಿ ಕೆಳಗಿಟ್ಟಳು. ಹೆದರಿಕೆ ಈ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ, ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದಾಟಿತ್ತು ಅಷ್ಟೇ. ಒಳಗೆ ಹೋಗಿ ಅಟ್ಟದಿಂದ ಚೀಲ ಇಳಿಸಿದಳು. ಅರ್ಧ ಹುಳಗಳನ್ನು ಮಣ್ಣಿನ ಸಮೇತ ಒಂದು ಡಬ್ಬಿಗೆ ತುಂಬಿ ಮುಚ್ಚಳಕ್ಕೆ ತೂತು ಮಾಡಿದಳು.

"ಎಲ್ಲಿಗೆ?" ಎಂದ ಅವನು, ಕೂತಲ್ಲಿಂದಲೇ.

"ತಂಗಿ ಮನೆಗೆ. ಉಳಿದಿದ್ದು ನಿಮಗೆ. ದಿನಾ ನೀರು ಚಿಮುಕಿಸಿ," ಎಂದು ಚಪ್ಪಲಿ ಮೆಟ್ಟಿಕೊಂಡಳು. "ಮಾಂಸ ಹಾಕಬೇಡಿ."