ಕಿಟಕಿಯಿಲ್ಲದ ಕೋಣೆಯಲ್ಲಿ ಸಮುದ್ರಯಾನ

ನಿನ್ನೆ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಕರೆಂಟು ಹೋಯಿತು. ಹೋಗುವುದೇನೂ ಹೊಸದಲ್ಲ ಬಿಡಿ. ಅಂಗಡಿಯವರು ಒಬ್ಬರಾದ ಮೇಲೊಬ್ಬರು ಜನರೇಟರ್ ಚಾಲೂ ಮಾಡಿದರು. ಇಕ್ಕಟ್ಟಾದ ಓಣಿಯ ತುಂಬ ಡೀಸೆಲ್ ಹೊಗೆ ಇಳಿಯಿತು, ಹೆಂಗಸರು ಮೂಗಿಗೆ ಸೆರಗು ಹಿಡಿದರು. ಈ ವಾಸನೆಗೆ ನಿಮಗೆ ಏನು ನೆನಪಾಗುತ್ತದೋ ನಾನರಿಯೆ. ಲಾರಿ ಇರಬಹುದು, ಮದುವೆ ಮಂಟಪದ ಹಿತ್ತಿಲಿರಬಹುದು. ನನಗೆ ಸಮುದ್ರ ನೆನಪಾಗುತ್ತದೆ. ನಗಬೇಡಿ. ಸಮುದ್ರಕ್ಕೆ ಉಪ್ಪಿನ ವಾಸನೆ ಎಂದು ಹೇಳುವವರೆಲ್ಲ ದಂಡೆಯ ಮೇಲೆ ನಿಂತು ಹೇಳಿದವರು. ಹಡಗಿನ ಮಾಳಿಗೆಯ ಮೇಲೆ, ಗಾಳಿ ಯಾವ ಕಡೆಯದೆಂಬ ಅಂದಾಜಿಲ್ಲದೆ, ಹೊಗೆಕೊಳವೆಯ ಬುಡದಲ್ಲೇ ಕುರ್ಚಿ ಹಿಡಿದು ಕೂತ ಬಳ್ಳಾರಿಯವರಿಗೆ ಸಮುದ್ರವೆಂದರೆ ಡೀಸೆಲ್ಲೇ.

ಸಮುದ್ರದ ಹಿಂದೆಯೇ ಸಿಟ್ಟೂ ಬರುತ್ತದೆ. ಸಿಟ್ಟು ಬಂದಾಗ ಒಂದು ತಂಬಿಗೆ ನೀರು ಕುಡಿಯಬೇಕು ಎಂದು ನಮ್ಮವ್ವ ಹೇಳುತ್ತಿದ್ದಳು. ಈ ಒಂದು ವಿಷಯಕ್ಕೆ ಎರಡು ವರ್ಷದಿಂದ ನಾನು ಕುಡಿದ ನೀರಿಗೆ ಕಾಲುವೆಯೇ ಬತ್ತಬೇಕಿತ್ತು. ಸಿಟ್ಟು ಮಾತ್ರ ಇದ್ದಲ್ಲೇ ಇದೆ.

ನಾವು ನಾಲ್ವರು ಗೆಳತಿಯರು, ಬಳ್ಳಾರಿಯ ಕಾಲೇಜಿನಲ್ಲಿ ಒಂದೇ ಬೆಂಚಿನವರು. ನಾನು ಬ್ಯಾಂಕಿನ ಗುಮಾಸ್ತೆಯಾಗಿದ್ದು ಈಗ ಪಾರ್ವತಿನಗರದ ಮನೆಯಲ್ಲಿ ಎಲ್ಲರ ಮೇಲೂ ರೇಗುತ್ತಾ ಕೂತವಳು. ರಮಾ ನಮ್ಮ ಎದುರು ಮನೆಯವಳು. ಮಡಿ, ಏಕಾದಶಿ, ಕಚೇರಿಯ ಕೆಲಸ ಮೂರನ್ನೂ ಒಂದು ದಿನವೂ ತಪ್ಪಿಸದವಳು. ಸುಜಾತಾ ಸಿರುಗುಪ್ಪದ ಅಕ್ಕಿ ಗಿರಣಿಯ ಮನೆಯ ಸೊಸೆ, ಮಾತಿನಲ್ಲಿ ಅರ್ಧ ತೆಲುಗು, ಕೈಯಲ್ಲಿ ಯಾವಾಗಲೂ ಫೋನು. ನಾಲ್ಕನೆಯವಳು ನೀಲಾ. ಕುರುಗೋಡಿನಲ್ಲಿ ಸಾಲಿ ಟೀಚರು. ಮದುವೆಯಾಗಲಿಲ್ಲ. ಅಣ್ಣನ ಮನೆಯಲ್ಲಿದ್ದಾಳೆ ಎಂದು ಜನ ಹೇಳುತ್ತಾರೆ. ಅವಳ ಸಂಬಳದಲ್ಲಿ ಅಣ್ಣನ ಮನೆ ಇದೆ ಎಂದು ನಾನು ಹೇಳುತ್ತೇನೆ.

ಹಡಗಿನ ಆಸೆ ಹುಟ್ಟಿದ್ದು ನೀಲಾಳಿಗೆ. ಒಂದು ಸಂಜೆ ನಮ್ಮ ಮನೆಯ ಮಾಳಿಗೆಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆವು. ಎದುರಿಗೆ ಬಳ್ಳಾರಿ ಗುಡ್ಡ. ಅವಳು ಅದನ್ನೇ ನೋಡುತ್ತಾ ಅಂದಳು: "ಎಲ್ಲಿ ನಿಂತ್ರೂ ನಮಗ ಒಂದು ಗುಡ್ಡ ಅಡ್ಡ ಬರತೈತಿ. ಇಲ್ಲಿ ಇದು, ಕುರುಗೋಡಿನ್ಯಾಗ ಅದು. ಒಮ್ಮೆರ ಸುತ್ತ ನೀರು ಬಿಟ್ಟು ಏನೂ ಕಾಣದಲ್ಲಿ ಹೋಗಿ ನಿಂದ್ರಬೇಕಲೇ."

ಅವಳು ಏನನ್ನಾದರೂ ಬೇಕು ಎಂದದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. ಹೋಟೆಲಿನಲ್ಲಿ ಕೂಡ 'ನೀವು ತಗೊಂಡಿದ್ದ ನನಗೂ ಇರ್ಲಿ' ಎನ್ನುವ ಜೀವ. ಸುಜಾತಾ ಅಲ್ಲೇ ಫೋನು ಒತ್ತಿ ಹುಡುಕಿದಳು. ಚೆನ್ನೈ ಬಂದರಿನಿಂದ ಹೊರಟು, ನಡುಸಮುದ್ರದಲ್ಲಿ ಒಂದಿಡೀ ದಿನ ತಿರುಗಿ, ಮರುದಿನ ಬೆಳಿಗ್ಗೆ ಮತ್ತೆ ಅದೇ ಬಂದರಿಗೆ ಬರುವ ಹಡಗು ಸಿಕ್ಕಿತು. ನಮ್ಮ ಯಜಮಾನರು ಕೇಳಿ ನಕ್ಕರು. "ಹೊಂಟಲ್ಲಿಗೇ ಬರಾಕ ಇಷ್ಟು ರೊಕ್ಕ ಯಾಕ? ರಾಯಲ್ ಸರ್ಕಲ್ ಸುತ್ತಿ ಬರ್ರಿ, ಪುಕ್ಕಟಿ." ಅವತ್ತಿನಿಂದ ಒಂದು ವಾರ ಅವರಿಗೆ ಉಪ್ಪಿಟ್ಟು ಮಾಡಿಕೊಟ್ಟೆ, ಮೂರು ಹೊತ್ತೂ.

ಇನ್ನು ನೀಲಾಳ ಅಣ್ಣ. ಒಳ್ಳೆಯ ಮನುಷ್ಯ ಎಂದು ಕುರುಗೋಡಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಅವನು ದನಿ ಏರಿಸಿದ್ದನ್ನು ಕಂಡವರಿಲ್ಲ. ನನಗೆ ಆಗದಿರುವುದೂ ಅದೇ. ಬೈಯುವವರಿಗೆ ತಿರುಗಿ ಬೈಯಬಹುದು. ನಗುನಗುತ್ತಾ ಬಾಗಿಲು ಹಾಕಿಕೊಳ್ಳುವವರಿಗೆ ಏನು ಮಾಡುವುದು? ನೀಲಾಳ ಪರವಾಗಿ ಮಾತಾಡಲು ಹೋದ ನಮಗೆ ಅವನು ಕುರ್ಚಿ ಹಾಕಿಸಿದ, ಚಹಾ ತರಿಸಿದ. "ಹೋಗಿ ಬರ್ಲಿ ತಗೋರಿ ಅಕ್ಕಾರ. ದುಡದು ದುಡದು ದಣದಾಳ. ನಾವೇನು ಬ್ಯಾಡ ಅಂತೀವೇನು?" ಎಂದ. ಹೊರಡುವಾಗ, "ನಿಮ್ಮೆಲ್ಲಾರ ನಂಬರ್ ಕೊಟ್ಟಿರ್ರಿ, ಹೆಚ್ಚುಕಡಿಮಿ ಅಂದ್ರ ಬೇಕಾಕ್ಕಾವು" ಎಂದ. ಕೊಟ್ಟೆವು. ಯಾರಾದರೂ ಕೊಡುತ್ತಿದ್ದರು.

ಗುಂತಕಲ್ಲಿನಲ್ಲಿ ರೈಲು ಹತ್ತಿದಾಗ ನಮ್ಮ ಬಟ್ಟೆಗಿಂತ ಬುತ್ತಿಯ ಗಂಟೇ ದೊಡ್ಡದಿತ್ತು. ಕಟಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಜೊತೆಗೆ ರಮಾಳ ಮಡಿಯ ಅವಲಕ್ಕಿ. ಹಡಗಿನೊಳಗೆ ಹೊರಗಿನ ಅನ್ನ ಬಿಡುವುದಿಲ್ಲ ಎಂದು ಟಿಕೆಟ್ಟಿನಲ್ಲೇ ಬರೆದಿತ್ತಂತೆ. ಯಾರು ಓದುತ್ತಾರೆ? ಬಂದರಿನಲ್ಲಿ ಸಮವಸ್ತ್ರದ ಹುಡುಗಿಯೊಬ್ಬಳು ಗಂಟು ಬಿಚ್ಚಿ, ರೊಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸುಜಾತಾ, "ಏಂದೇ ಇದಿ! ಬಾಂಬ್ ಕಂಡಂಗ ನೋಡ್ತಾಳಲ್ಲ!" ಎಂದು ಕೂಗಿದಳು. ನಾನು ಜಗಳಕ್ಕೆ ನಿಂತೆ. ಕನ್ನಡದಲ್ಲಿ ಶುರು ಮಾಡಿ, ಬಾರದ ತಮಿಳಿನಲ್ಲಿ ಮುಗಿಸಿದೆ. ಬುತ್ತಿ ಮಾತ್ರ ಅಲ್ಲೇ ಉಳಿಯಿತು. ರಮಾ ಹಡಗಿನಲ್ಲಿ ಬಾಳೆಹಣ್ಣು, ಮೊಸರಿನ ಮೇಲೆಯೇ ಇದ್ದಳು, ಪುಣ್ಯಾತ್ಗಿತ್ತಿ.

ನಾವು ತೆಗೆದುಕೊಂಡದ್ದು ಎಲ್ಲಕ್ಕಿಂತ ಅಗ್ಗದ ಕೋಣೆ. ನಾಲ್ವರಿಗೂ ಒಂದೇ, ಹಡಗಿನ ಹೊಟ್ಟೆಯೊಳಗೆ. ಕಿಟಕಿ ಇರಲಿಲ್ಲ. ಕಿಟಕಿ ಇರಬೇಕಾದಲ್ಲಿ ಒಂದು ಪರದೆ ಇತ್ತು, ಸರಿಸಿದರೆ ಗೋಡೆ. "ಖೋಲ್ಯಾಗ ಕುಂದ್ರಾಕ ಬಂದೀವೇನು?" ಎಂದಳು ನೀಲಾ. ಚೀಲ ಒಗೆದವಳೇ ಎಲ್ಲರಿಗಿಂತ ಮುಂಚೆ ಮೆಟ್ಟಿಲು ಹತ್ತಿದಳು.

ಹಡಗು ಬಿಟ್ಟಾಗ ಸಂಜೆ. ದಂಡೆ ದೂರವಾದಂತೆ ಫೋನುಗಳು ಒಂದೊಂದಾಗಿ ಸುಮ್ಮನಾದವು. ನೀಲಾ ತನ್ನ ಫೋನನ್ನು ನೋಡಿದಳು, ಅಲ್ಲಾಡಿಸಿದಳು, ಮತ್ತೆ ನೋಡಿದಳು. ಆಮೇಲೆ ಅವಳ ಮುಖದಲ್ಲಿ ಮೂಡಿದ ನಗು ಕಾಲೇಜು ಬಿಟ್ಟ ಮೇಲೆ ನಾನು ಕಂಡದ್ದಲ್ಲ. "ಇನ್ನ ಯಾರೂ ಕರ್ಯಂಗಿಲ್ಲಲೇ!" ಎಂದಳು. ಆದರೆ ಊರಿನ ದೀಪಗಳು ಇನ್ನೂ ಕಾಣುತ್ತಿದ್ದವು. ಅವಳು ಬಂದದ್ದು ಅದನ್ನು ನೋಡಲಿಕ್ಕಲ್ಲ. ಬೆಳಗಿನ ಜಾವ ಎದ್ದು ಬರೋಣ, ಆಗ ಸುತ್ತ ನೀರೇ ನೀರು ಎಂದು ಮಾತಾಡಿಕೊಂಡು ಊಟಕ್ಕೆ ಇಳಿದೆವು.

ಹಡಗಿನಲ್ಲಿ ಇಂಟರ್ನೆಟ್ಟಿಗೆ ಬೇರೆ ದುಡ್ಡು. ಫೋಟೋ ಸ್ಟೇಟಸ್ಸಿಗೆ ಹಾಕದಿದ್ದರೆ ಉಂಡದ್ದು ಅರಗದ ಸುಜಾತಾ ಅದನ್ನು ಕೊಂಡಿದ್ದಳು. ಊಟದ ಮೇಜಿನ ಮೇಲೆ ಅವಳ ಫೋನು ಸದ್ದು ಮಾಡಿತು. ಓದಿದಳು, ಫೋನನ್ನು ನೀಲಾಳ ತಟ್ಟೆಯ ಪಕ್ಕ ಇಟ್ಟಳು. 'ಅವ್ವಗ ಎದಿನೋವು. ನೀಲಾಗ ಲಗೂನ ಬಾ ಅಂತ ಹೇಳ್ರಿ.' ಅಣ್ಣನ ಸಂದೇಶ.

ಲಗೂನ ಬಾ! ಎಲ್ಲಿಂದ ಬರಬೇಕು? ಹಡಗೇನು ತೆಕ್ಕಲಕೋಟೆಯ ಬಸ್ಸೇ, 'ಹೋಲ್ಡಾನ್' ಅಂದರೆ ನಿಲ್ಲಲಿಕ್ಕೆ? ಅದು ಅವನಿಗೆ ಗೊತ್ತಿರಲಿಲ್ಲವೇ? ಸುಜಾತಾಳ ಫೋನಿನಿಂದ ಮತ್ತೆ ಮತ್ತೆ ಕರೆ ಮಾಡಿದೆವು. ರಿಂಗಾಗುತ್ತಿತ್ತು, ಅವನು ಎತ್ತಲಿಲ್ಲ. ಹೇಗಿದ್ದಾರೆ ಎಂದು ಕೇಳಿ ಕಳಿಸಿದ ಸಂದೇಶಗಳನ್ನು ಅವನು ನೋಡಿದ್ದು ಕಾಣುತ್ತಿತ್ತು, ಉತ್ತರವಿಲ್ಲ.

ನೀಲಾ ಕೋಣೆಗೆ ಹೋಗಿ ಮಲಗಿದಳು. ಬೆಳಿಗ್ಗೆ ಏಳಲಿಲ್ಲ. ಮಧ್ಯಾಹ್ನ ಏಳಲಿಲ್ಲ. ರಮಾ ಪಕ್ಕದಲ್ಲಿ ಕೂತು ತನಗೆ ಬರುವ ಸ್ತೋತ್ರಗಳನ್ನೆಲ್ಲ ಹೇಳಿದಳು. ನಾನು ಮೇಲೆ ಹೋದೆ. ಸುತ್ತ ನೀರು ಬಿಟ್ಟು ಏನೂ ಇರಲಿಲ್ಲ, ಅವಳು ಹೇಳಿದ ಹಾಗೆಯೇ. ನನಗೆ ಅದನ್ನು ನೋಡಲಾಗಲಿಲ್ಲ. ಕೆಳಗೆ ಬಂದು ಅಂದೆ: "ನೀ ಇಲ್ಲಿ ಮಲಗಿದ್ರ ನಿಮ್ಮವ್ವಗ ಆರಾಮಾಕ್ಕೈತೇನಲೇ? ಒಂದು ಗಳಿಗಿ ಬಾ. ನೋಡಿ ಬರೂಣು." ಅವಳು ಗೋಡೆಯ ಕಡೆ ಹೊರಳಿದಳು. "ಬ್ಯಾಡ, ನನ್ನ ಬಿಡು." ಅಷ್ಟೇ.

ಸಿಟ್ಟು ಸುಜಾತಾಳ ಮೇಲೆ ತಿರುಗಿತು. ಅವಳೂ ಸುಮ್ಮನಿರುವವಳಲ್ಲ. "ನಾ ಏನ್ ಮಾಡ್ಲೇ? ತಾಯಿ ವಿಷ್ಯಾ ಐತಿ. ಮುಚ್ಚಿಟ್ಟು ನಾಳಿ ಏನರ ಆಗಿದ್ರ ನನ್ನ ಮಾರಿ ನೋಡತಿದ್ದೇನು ನೀನು?" ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದ ಕಾರಣಕ್ಕೆ ಅವಳ ಜೊತೆ ಆರು ತಿಂಗಳು ಮಾತು ಬಿಟ್ಟೆ.

ಬಂದರಿನಲ್ಲಿ ಇಳಿದ ಕೂಡಲೆ ನೀಲಾ ಕರೆ ಮಾಡಿದಳು. ಈಗ ಎತ್ತಿದ. ಪಕ್ಕದಲ್ಲಿದ್ದ ನಮಗೂ ಕೇಳಿಸುತ್ತಿತ್ತು. "ಏನಿಲ್ಲವ್ವಾ, ಗ್ಯಾಸ್ ಆಗಿತ್ತು. ಅವತ್ತ ಆರಾಮಾತು."

"ಮತ್ತ ತಿಳಿಸಬಾರದೇನಣ್ಣಾ?"

"ನೀವು ಸಮುದ್ರದಾಗ ಇದ್ರೆಲ್ಲವ್ವಾ."

ನೋಡಿದಿರಾ? ಕೆಟ್ಟ ಸುದ್ದಿಗೆ ಸಿಕ್ಕ ಸಿಗ್ನಲ್ಲು ಒಳ್ಳೆಯ ಸುದ್ದಿಗೆ ಸಿಗಲಿಲ್ಲ.

ಕುರುಗೋಡಿನವರೆಗೆ ನಾನು ನೀಲಾಳ ಜೊತೆ ಹೋದೆ, ಜಗಳ ಮಾಡಲೆಂದೇ ಹೋದೆ. ಅವಳ ಅವ್ವ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. "ಎದಿನೋವು ಹೆಂಗೈತಿ ಅವ್ವಾರ?" ಎಂದು ಕೇಳಿದೆ. ಆಕೆ ನನ್ನನ್ನೂ ಮಗಳನ್ನೂ ನೋಡಿ, "ಎದಿನೋವ? ಯಾರಿಗೆ ಬಂದೈತಿ?" ಎಂದಳು. ಒಳಗಿಂದ ಅತ್ತಿಗೆ ಬಂದಳು. "ಬಂದ್ಯಾ ನೀಲವ್ವಾ? ಚೊಲೊ ಆತು. ನಾಳೆ ತಮ್ಮಗ ಹೆಣ್ಣಿನ ಕಡೇರು ಬರಾಕತ್ತಾರ. ನಿನ್ನಂಗ ಹೋಳಿಗಿ ಮಾಡಾಕ ನನಗೆಲ್ಲಿ ಬರತೈತಿ!" ತಮ್ಮ ಎಂದರೆ ಅವಳ ಮಗ, ನೀಲಾಳ ಸೋದರಳಿಯ.

ನೀಲಾ ಒಳಗೆ ಹೋದಳು. ಕಾಲು ತೊಳೆದಳು, ಸೆರಗು ಸಿಕ್ಕಿಸಿದಳು, ಕಣಕ ನಾದಲು ಕೂತಳು. ಅಣ್ಣ ನನಗೆ ಕುರ್ಚಿ ಹಾಕಿಸಿದ. ಎದಿನೋವು ಯಾರದು ಎಂದು ಅವನ ಮುಖಕ್ಕೇ ಕೇಳಿದೆ. "ವಯಸ್ಸಾದೋರು ಅಕ್ಕಾರ, ಅವ್ವಗ ನೆನಪಿರಂಗಿಲ್ಲ" ಎಂದು ನಕ್ಕ. ಚಹಾ ಬಂತು. ನಾಚಿಕೆಗೇಡು ಕೇಳಿ, ಆ ಉರಿಯಲ್ಲೂ ನಾನು ಚಹಾ ಕುಡಿದೆ. ಚೆನ್ನಾಗಿತ್ತು. ಅದೂ ಒಂದು ಸಿಟ್ಟು.

ಅಲ್ಲಿಂದ ಈಚೆಗೆ ನೀಲಾ ಹಡಗಿನ ಮಾತೆತ್ತಿದವಳಲ್ಲ. ನಾನು ಎತ್ತಿದರೆ ಮಾತು ಮರೆಸುತ್ತಿದ್ದಳು. ಅವಳಿಗೆ ಸಿಟ್ಟಿಲ್ಲವಲ್ಲ ಎಂಬುದು ನನಗೆ ಎಲ್ಲಕ್ಕಿಂತ ಹೆಚ್ಚಿನ ಸಂಕಟ.

ನಿನ್ನೆ ಅವಳು ಬ್ರೂಸ್‌ಪೇಟೆಗೆ ಬಂದದ್ದು ಆ ಹೋಳಿಗೆ ತಿಂದು ಒಪ್ಪಿದ ಹೆಣ್ಣಿನ ಕುಬಸದ ಖರೀದಿಗೆ. ಈಗ ಬಸುರಿಯಾದ ಆ ಸೊಸೆಗೆ ಸೀರೆ, ಹಸಿರು ಬಳೆ, ಉಡಿ ತುಂಬುವ ಸಾಮಾನು ಎಲ್ಲ ನೀಲಾಳೇ ತರಬೇಕು. ಜೊತೆಗೆ ನಾನು. ಜನರೇಟರ್ ಹೊಗೆ ನಮ್ಮಿಬ್ಬರ ಮೂಗಿಗೂ ಒಟ್ಟಿಗೇ ಬಡಿಯಿತು. ಅವಳು ನಿಂತಳು. ಬಳೆ ಅಂಗಡಿಯ ಮುಂದೆ, ಎರಡೂ ಕೈಯಲ್ಲಿ ಚೀಲ ಹಿಡಿದುಕೊಂಡೇ, ನನ್ನ ಕಡೆ ನೋಡದೆ ಅಂದಳು:

"ಅದು ಸುಳ್ಳು ಅಂತ ನನಗ ಅವತ್ತ ಗೊತ್ತಿತ್ತು."

ನಾನು ಅವಳ ಮುಂದೆ ಬಂದು ನಿಂತೆ.

"ಅಪ್ಪ ತೀರಿದಾಗ ಅಣ್ಣ ಅಳಕೋತ ಮೂಲ್ಯಾಗ ಕುಂತಿದ್ದ. ಸಾಲ್ಯಾಗಿದ್ದ ನನಗ ಫೋನ್ ಮಾಡಿದ್ದು ಬಾಜೂ ಮನಿಯವರು. ಖರೇನ ಏನರ ಆದ್ರ ಅವನ ಕೈಲೆ ಮೆಸೇಜ್ ಬರ್ಯಾಕ ಆಗಂಗಿಲ್ಲ."

"ಮತ್ತ್ಯಾಕ ಮ್ಯಾಲೆ ಬರ್ಲಿಲ್ಲಲೇ? ಇಡೀ ದಿನ ಆ ಖೋಲ್ಯಾಗ ಬಿದ್ಕೊಂಡಿದ್ದೆಲ್ಲಾ!"

"ನಾ ಅಲ್ಲಿ ನಕ್ಕೋತ ನಿಂತಾಗ ಇಲ್ಲಿ ಅದು ಖರೇ ಆಗಿದ್ರ? ನೂರಕ್ಕ ಒಂದು ಸಲ ಆಗಿದ್ರ? ಅವನಿಗೂ ಅಷ್ಟ ಸಾಕಾಗಿತ್ತು."

ಇಂಥ ಸುಳ್ಳನ್ನು ಯಾರೂ ನಂಬಬೇಕಾಗಿಲ್ಲ, ಹೆದರಿದರೆ ಸಾಕು ಎಂಬುದು ನನಗೆ ಆಗ ತಿಳಿಯಿತು. ಇಷ್ಟು ದಿನ ಅವಳನ್ನು ಮೋಸ ಹೋದವಳು ಎಂದುಕೊಂಡಿದ್ದೆ.

ಅವಳ ಚೀಲದೊಳಗೆ ಫೋನು ಬಡಿದುಕೊಂಡಿತು. ಕೈ ತೆರವಿರಲಿಲ್ಲ, ಎತ್ತಲಿಲ್ಲ. ನಿಂತಿತು. ಮರುಕ್ಷಣ ನನ್ನ ಫೋನು. ನಂಬರ್ ಕೊಟ್ಟವರು ನಾವೇ ಅಲ್ಲವೇ. "ಅಕ್ಕಾರ, ನೀಲಾ ಫೋನ್ ಎತ್ತವಲ್ಲಳು. ಅವ್ವಗ ಯಾಕೋ ತಲಿ ಸುತ್ತಾಕತ್ತೈತಿ, ಲಗೂನ..."

"ಅವ್ವಗ ಫೋನ್ ಕೊಡ್ರಿ," ಎಂದೆ.

"ಮಲಗ್ಯಾಳ್ರಿ."

"ಎಬ್ಬಸ್ರಿ. ತಲಿ ಸುತ್ತಿದೋರ ಜೋಡಿ ನಾ ಮಾತಾಡತೀನಿ."

ನಾನು ಬಾಯಿ ತೆರೆದಿದ್ದೆ, ಎರಡು ವರ್ಷದ ಬಾಕಿ ಎಲ್ಲ ನಾಲಿಗೆಯ ತುದಿಗೆ ಬಂದಿತ್ತು. ನೀಲಾ ಚೀಲಗಳನ್ನು ನೆಲಕ್ಕಿಟ್ಟಳು. ನನ್ನ ಕೈಯಿಂದ ಫೋನು ತೆಗೆದುಕೊಂಡಳು.

"ಅಣ್ಣಾ, ಅವ್ವಗ ನೀರು ಕೊಡು. ತಲಿ ಸುತ್ತಿದ್ರ ದವಾಖಾನಿಗೆ ಕರಕೊಂಡು ಹೋಗು, ಮನ್ಯಾಗ ಗಾಡಿ ಐತಿ. ನಾ ಬರೂದು ರಾತ್ರಿ ಆಕ್ಕೈತಿ."

ಉತ್ತರಕ್ಕೆ ಕಾಯಲಿಲ್ಲ. ಫೋನು ವಾಪಸ್ಸು ಕೊಟ್ಟಳು. ಬಳೆ ಅಂಗಡಿಯ ಕಡೆ ಮುಖ ತಿರುಗಿಸಿದಳು. ನಾನು ಅಳುತ್ತಾಳೆ ಎಂದುಕೊಂಡು ಸೆರಗು ಮುಂದೆ ಮಾಡಿದೆ. ಅವಳು ಅದನ್ನು ಆಚೆ ತಳ್ಳಿದಳು. ಮುಖ ಕೆಂಪಗಾಗಿತ್ತು.

"ಲೇ," ಎಂದಳು, ತನಗೇ ಆಶ್ಚರ್ಯವಾದ ಹಾಗೆ, "ನನಗ ಸಿಟ್ಟು ಬರಾಕತ್ತೈತಿ ನೋಡು."

"ಬರ್ಲಿ ಬಿಡವ್ವಾ," ಎಂದೆ. "ಇಷ್ಟು ದಿನ ನಿನ್ನ ಪಾಲಿಂದೂ ನಾನ ಸಿಟ್ಟಾಗೀನಿ."