ಗಳದ ನೆರಳಲ್ಲಿ ಉಳಿದ ಕೆಂಪು

ಬೆಟಗೇರಿಯ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೆ ಹೊರಟೆ. ಚೀಲದಲ್ಲಿ ಅಕ್ಕನಿಗೊಂದು ಕುಪ್ಪಸದ ಖಣ, ಅದರ ಕೆಳಗೆ ಬಣ್ಣ ಹೋದ ಒಂದು ನೂಲಿನ ಲಡಿ. ಹೋಗಬೇಕಾದದ್ದು ತುಂಗಭದ್ರೆಯ ದಂಡೆಯ ಸಿಂಗಟಾಲೂರಿಗೆ, ಅಕ್ಕನ ಮನೆಗೆ. ಹೇಳಬೇಕಾದ ಮಾತು ಹದಿನಾಲ್ಕು ವರ್ಷ ಹಳೆಯದು.

ಆಗ ನಮ್ಮ ಮಗ್ಗಗಳ ನೂಲಿಗೆ ಬಣ್ಣ ಹಾಕುತ್ತಿದ್ದವಳು ಅಕ್ಕ. ಅಪ್ಪ ಊರಲ್ಲಿರಲಿಲ್ಲ. ಅವಳು ಕೆಂಪು ಕಾಸಿ, ಲಡಿಗಳನ್ನು ಅದ್ದಿ ಹಿಂಡಿ, ನೆರಳಿನಲ್ಲಿ ಒಣಗಿಸಲು ನನಗೆ ಹೇಳಿ ಲಕ್ಷ್ಮೇಶ್ವರದ ಚಿಕ್ಕಮ್ಮನ ಮನೆಗೆ ಹೋದಳು. ಬೇಗ ಒಣಗಲೆಂದು ನಾನು ಮಾಳಿಗೆಯ ಬಿಸಿಲಿನಲ್ಲಿ ಬಿದಿರಿನ ಗಳಕ್ಕೆ ತೂಗುಹಾಕಿ, ಶಿರಹಟ್ಟಿಗೆ ಕುಸ್ತಿ ನೋಡಲು ಹೋದೆ. ಮರಳಿದ್ದು ನಾಲ್ಕನೆಯ ದಿನ. ಲಡಿಗಳು ಬೆಳ್ಳಗಾಗಿದ್ದವು, ಗಳಕ್ಕೆ ತಾಗಿದ್ದ ಒಳಮೈ ಮಾತ್ರ ಕೆಂಪಗಿತ್ತು. ಊರಿಗೆ ಮರಳಿದ ಅಪ್ಪನಿಗೆ, ಅಕ್ಕನ ಬಣ್ಣ ಹತ್ತಿಲ್ಲ ಎಂದೆ. ಅವನು ಸಿಟ್ಟಿನಲ್ಲಿ ಬಿಚ್ಚಿಯೂ ನೋಡದೆ ಎಲ್ಲವನ್ನೂ ಕಪ್ಪು ಬಣ್ಣದಲ್ಲಿ ಅದ್ದಿದ. ಅಕ್ಕನಿಗೆ ಮತ್ತೆಂದೂ ಬಣ್ಣದ ಹಂಡೆ ಮುಟ್ಟಗೊಡಲಿಲ್ಲ. ಒಂದು ಲಡಿಯನ್ನು ನಾನು ಅಟ್ಟದಲ್ಲಿ ಅಡಗಿಸಿದ್ದೆ.

ಮುಂಡರಗಿಯ ಬಸ್ಸಿನಲ್ಲಿ ಬಿಸಿಲು ಎಡಗಡೆಯಿಂದ ಬರುತ್ತಿತ್ತು. ನಾನು ಬಲಗಡೆ ಕೂತೆ. ಪಕ್ಕದಲ್ಲಿ ನಿವೃತ್ತ ಮಾಸ್ತರರು. ನಾನು ಓದಿದ್ದು ಏಳನೆಯವರೆಗೆ, ಕೇಳಲು ನಾಚಿಕೆಯಿಲ್ಲ.

"ಸರ, ಬಿಸಲು ಬಣ್ಣ ಹೆಂಗ ತಿಂತೈತ್ರಿ?"

"ತಿನ್ನೂದಿಲ್ಲೋ, ಬಣ್ಣದ ಸಣ್ಣ ಸಣ್ಣ ಕಣ ಒಡೀತೈತಿ. ಸೂರ್ಯನಿಂದ ಹೊಂಟ ಬೆಳಕು ಇಲ್ಲಿ ಮುಟ್ಟಾಕ ಎಂಟ ನಿಮಿಷ ಬೇಕು. ಅಷ್ಟ ದೂರದಿಂದ ಬಂದು ಸುಮ್ನ ಕುಂಡ್ರತೈತೇನು?" ಅವರು ಹೊರಗಿನ ಎರೆಹೊಲ ತೋರಿಸಿದರು. "ಕರಿ ಮಣ್ಣು ಬೆಳಕ ನುಂಗಿ ಕಾಯ್ತೈತಿ. ನನ್ನ ಬಿಳೆ ಧೋತರ ತಿರುಗಿ ಕಳಸತೈತಿ."

"ಸೊಸಿ ಛಲೋ ಒಗೀತಾಳ ಬಿಡ್ರಿ," ಎಂದಳು ಹಿಂದಿನ ಸೀಟಿನ ಮುದುಕಿ.

"ನಾನ ಒಗ್ಕೋತೇನಬೇ!"

ಮುಂಡರಗಿಯಲ್ಲಿ ಗಿರಮಿಟ್ಟು ತಿಂದು ಇನ್ನೊಂದು ಬಸ್ಸು ಹಿಡಿದೆ. ಸಿಂಗಟಾಲೂರಿನಲ್ಲಿ ಇಳಿದಾಗ ನೆಲದ ಕಾವು ಚಪ್ಪಲಿ ದಾಟಿ ಬರುತ್ತಿತ್ತು. ಹೊಳೆಗೆ ಕೈಯಿಟ್ಟರೆ ತಂಪು. ಎರಡರ ಮೇಲೂ ಬಿದ್ದದ್ದು ಒಂದೇ ಬಿಸಿಲು.

ಅಕ್ಕ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದಳು.

"ಏ ತಮ್ಮಾ, ಖಬರ ಇಲ್ದ ಬಂದೀ! ಕುಂಡ್ರು, ಕಾಯಿ ಹೊಳ್ಳಿಸಿ ಬರ್ತೇನಿ. ಒಂದ ಮಗ್ಗಲಾ ಬಿಟ್ರ ಬೆಳ್ಳಗಾಗ್ತಾವು."

ಕೂರಲಾಗಲಿಲ್ಲ. ಲಡಿ ತೆಗೆದು ಬಿಡಿಸಿದೆ. ಒಳಗೆ ನಾಲ್ಕು ಬೆರಳಗಲ ಕಡುಗೆಂಪು.

"ಯಕ್ಕಾ, ನೀ ಹಾಕಿದ ಬಣ್ಣ ಇದು. ನಾ ಬಿಸಲಿಗೆ ಹಾಕಿ ಕೆಡಿಸಿದೆ. ಅಪ್ಪಗ ಸುಳ್ಳ ಹೇಳಿದೆ."

ಅವಳು ಆ ಕೆಂಪಿನ ಮೇಲೆ ಹೆಬ್ಬೆರಳು ಆಡಿಸಿದಳು.

"ಅಂದ್ರ, ನನ್ನ ಅಳತಿ ಬರೊಬ್ಬರಿ ಇತ್ತು?"

"ಇತ್ತಕ್ಕಾ."

"ಇಷ್ಟ ವರ್ಷ ಸಾರಿಗೆ ಉಪ್ಪ ಹಾಕಿದ್ರೂ ಗಂಡನ್ನ ಕರದು ರುಚಿ ನೋಡಸ್ತಿದ್ನಲ್ಲೋ."

ಬಯ್ಯಲಿಲ್ಲ. ರೊಟ್ಟಿ ನೀಡಿದಳು, ಎದುರಿಗೆ ಕೂರಲಿಲ್ಲ. ಊಟ ಮುಗಿಯುತ್ತಲೇ ಲಡಿಯನ್ನು ನನ್ನ ಕೈಗೇ ಕೊಟ್ಟಳು.

"ಅಪ್ಪಗ ಹೇಳೀಯೇನು?"

"ಇನ್ನೂ ಇಲ್ಲ."

"ಹಂಗಾರ ಇಲ್ಲ್ಯಾಕ ಕುಂತೀ?"

ಮುಂಡರಗಿಯಿಂದ ಮರಳುವ ಬಸ್ಸಿನಲ್ಲಿ, ದಿಕ್ಕು ತಿರುಗಿದ್ದರಿಂದ ನೆರಳೂ ತಿರುಗಿರುತ್ತದೆಂದು ಎಡಗಡೆ ಕೂತೆ. ಅಷ್ಟರಲ್ಲಿ ಸೂರ್ಯ ಪಡುವಣಕ್ಕೆ ಹೋಗಿದ್ದ. ಮತ್ತೆ ಎಡಗಡೆಯೇ ಬಿಸಿಲು. ಬಸ್ಸು ತುಂಬಿತ್ತು, ಬೇರೆ ಸೀಟಿರಲಿಲ್ಲ. ತೊಡೆಯ ಮೇಲಿದ್ದ ಲಡಿಯನ್ನು ಟವೆಲಿನಲ್ಲಿ ಸುತ್ತಿ ಹಿಡಿದುಕೊಂಡೆ. ಅಪ್ಪ ನೋಡುವವರೆಗಾದರೂ ಆ ನಾಲ್ಕು ಬೆರಳಗಲ ಕೆಂಪು ಉಳಿಯಬೇಕಿತ್ತು.