ಮೂರನೆಯ ಮಹಡಿಗೆ ಹೊರಟ ಮೋಟಾರ್ ಸೈಕಲ್ಲು

ಆ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತು ಎದುರಿನ ಕನ್ನಡಿಯನ್ನು ನೋಡಿದವನಿಗೆ ತನ್ನ ಮುಖ ಕಾಣುತ್ತಿರಲಿಲ್ಲ. ಕಪ್ಪು ಬಣ್ಣದ ಒಂದು ಮೋಟಾರ್ ಸೈಕಲ್ಲು ಕಾಣುತ್ತಿತ್ತು. ಅಂಗಡಿಯ ಯಜಮಾನನು ಕನ್ನಡಿಯನ್ನು ಗೋಡೆಯಿಂದ ಒಂದು ಗೇಣು ಓರೆಯಾಗಿ ನಿಲ್ಲಿಸಿ, ಹಿಂದೆ ಮರದ ತುಂಡು ಕೊಟ್ಟು, ಮೊಳೆ ಹೊಡೆದು, ಬೀದಿಯಲ್ಲಿ ನಿಂತ ತನ್ನ ವಾಹನವು ಹ್ಯಾಂಡಲಿನಿಂದ ಹಿಂದಿನ ದೀಪದವರೆಗೆ ಅದರೊಳಗೆ ಬರುವಂತೆ ಮಾಡಿಕೊಂಡಿದ್ದನು. ಜನರು ಅವನನ್ನು ಕನ್ನಡಿಯಣ್ಣ ಎಂದು ಕರೆಯುತ್ತಿದ್ದುದು ಈ ಕಾರಣದಿಂದಲೇ.

“ಮೀಸೆ ಎರಡೂ ಕಡೆ ಸಮ ಬಂತೋ ಇಲ್ವೋ ನಾನು ಹೇಗೆ ನೋಡ್ಲಿ?” ಎಂದು ಗಿರಾಕಿ ಕೇಳಿದರೆ, “ಮನೆಗೆ ಹೋಗಿ ನಿಧಾನಕ್ಕೆ ನೋಡಿ ಸ್ವಾಮಿ. ಮೀಸೆಯನ್ನ ಯಾರೂ ಕದಿಯಲ್ಲ,” ಎನ್ನುತ್ತಿದ್ದನು.

ಅವನ ಮೊದಲ ಗಾಡಿ ಕಳುವಾದದ್ದು ಪ್ರಾರ್ಥನಾ ಮಂದಿರದ ಬಾಗಿಲಲ್ಲಿ; ಅದೂ ಅವನು ಕಣ್ಣು ಮುಚ್ಚಿ, ಕೈ ಮುಗಿದು, ಲೋಕದ ಆಸೆಗಳಿಂದ ತನ್ನನ್ನು ಬಿಡಿಸೆಂದು ಬೇಡಿಕೊಳ್ಳುತ್ತಿದ್ದ ಗಳಿಗೆಯಲ್ಲಿ. ದಯಾಮಯನಾದ ದೇವರು ಇಷ್ಟು ಬೇಗ, ಇಷ್ಟು ಅಕ್ಷರಶಃ ಓಗೊಡುವನೆಂದು ಅವನು ಎಣಿಸಿರಲಿಲ್ಲ. ಅಂದಿನಿಂದ ಅವನು ಬಾಗಿಲ ಪಕ್ಕದಲ್ಲಿ ಕುಳಿತು ಒಂದು ಕಣ್ಣನ್ನು ಮಾತ್ರ ಮುಚ್ಚಿ ಪ್ರಾರ್ಥಿಸತೊಡಗಿದನು. ಮಂದಿರದ ಹಿರಿಯರು ಅವನನ್ನು ಪಕ್ಕಕ್ಕೆ ಕರೆದು, “ದೇವರು ಎಲ್ಲವನ್ನೂ ನೋಡ್ತಾ ಇರ್ತಾನೆ. ನೀನು ಎರಡೂ ಕಣ್ಣು ಮುಚ್ಚಪ್ಪ,” ಎಂದರು.

“ನೋಡ್ತಾನೆ, ಇಲ್ಲ ಅನ್ನಲ್ಲ. ಹೋದ ಸಲಾನೂ ನೋಡಿದ್ದ. ಕೂಗ್ಲಿಲ್ಲ, ಅಷ್ಟೆ.”

ಮುಂದಿನ ವಾರದಿಂದ ಹಿರಿಯರೂ ತಮ್ಮ ಸೈಕಲ್ಲಿಗೆ ಎರಡು ಬೀಗ ಹಾಕತೊಡಗಿದರು.

ಆದರೂ ಇದನ್ನು ಬರಿಯ ಲೋಭವೆಂದು ತಿಳಿಯುವುದು ಅನ್ಯಾಯವಾದೀತು. ಬೆಳಗ್ಗೆ ಅಂಗಡಿ ತೆರೆಯುವ ಮುನ್ನ, ಹಾಸಿಗೆ ಹಿಡಿದವರ ಮನೆಗಳಿಗೆ ತಾನೇ ಹೋಗಿ ಗಡ್ಡ ತೆಗೆದು ಬರುವುದು ಕನ್ನಡಿಯಣ್ಣನ ವ್ರತವಾಗಿತ್ತು. ಬಿಸಿನೀರಿನ ಬಟ್ಟೆಯಿಂದ ಮುಖವನ್ನು ಮೆತ್ತಗೆ ಮಾಡಿ, ಹಲ್ಲಿಲ್ಲದ ಕೆನ್ನೆಯನ್ನು ಒಳಗಿನಿಂದ ಬೆರಳಿಟ್ಟು ಉಬ್ಬಿಸಿ, ಒಂದು ಹನಿ ರಕ್ತ ಬಾರದಂತೆ ಅವನು ಮಾಡುತ್ತಿದ್ದ ಕೆಲಸವನ್ನು ಕಂಡವರು ಅದಕ್ಕೂ ಪ್ರಾರ್ಥನೆಗೂ ಹೆಚ್ಚು ಅಂತರವಿಲ್ಲವೆಂದು ಒಪ್ಪುತ್ತಿದ್ದರು. ಅಂಥ ಮನೆಗಳು ಹದಿನಾಲ್ಕು. ಗಾಡಿ ಹೋದ ವರ್ಷ ನಡೆದು ತಲುಪಲಾದದ್ದು ಐದು. ಉಳಿದ ಒಂಬತ್ತು ಮಂದಿ ಗಡ್ಡ ಬೆಳೆದು ಋಷಿಗಳಾದರು. ಅವರಿಗಾಗಿಯೇ ಅವನು ಎರಡನೆಯ ಗಾಡಿಯನ್ನು ಕೊಂಡದ್ದು.

ಆದರೆ ಮನುಷ್ಯನ ಮನಸ್ಸಿನ ಚಮತ್ಕಾರವನ್ನು ನೋಡಿ: ಆ ಒಂಬತ್ತು ಮಂದಿಗಾಗಿ ಕೊಂಡ ಗಾಡಿಯನ್ನು ಅವರ ಮನೆಯ ಮುಂದೆ ನಿಲ್ಲಿಸಿ ಒಳಗೆ ಹೋಗಲು ಅವನಿಗೆ ಧೈರ್ಯ ಸಾಲದಾಯಿತು. ಮೊದಲು ರೋಗಿಗಳ ಮಂಚಗಳನ್ನು ಕಿಟಕಿಯ ಬಳಿಗೆ ಎಳೆಸಿದನು. “ಗಾಳಿ ಬರುತ್ತೆ, ಒಳ್ಳೇದು,” ಎಂದು ಮನೆಯವರಿಗೆ ಹೇಳಿದನು. ಬೀದಿಯ ಕಡೆ ಕಿಟಕಿಯೇ ಇಲ್ಲದ ಮನೆಗಳಿಗೆ ಒಂದೊಂದಾಗಿ ಹೋಗುವುದನ್ನೇ ಬಿಟ್ಟನು. ಹಳೆಯ ನಾಲ್ಕು ಅಂತಸ್ತಿನ ಕಟ್ಟಡವೊಂದರ ಮೂರನೆಯ ಮಹಡಿಯ ಹಿಂಬದಿಯ ಕೋಣೆಯಲ್ಲಿ ಮಲಗಿದ್ದ ಗಾರ್ಡ್ ತಾತನ ಮನೆ ಅಂಥದ್ದು. ತಾತ ಮೂವತ್ತೈದು ವರ್ಷ ರೈಲಿನ ಗಾರ್ಡ್ ಆಗಿದ್ದವರು. ಒಂದು ದಿನವೂ ಗಡ್ಡ ಬಿಟ್ಟು ಹಸಿರು ಬಾವುಟ ಹಿಡಿದವರಲ್ಲ. ಅವರ ಮನೆಗೆ ಕನ್ನಡಿಯಣ್ಣ ಹೋಗಿ ಐದು ವಾರವಾಗಿತ್ತು.

ಒಂದು ಬೆಳಗ್ಗೆ ಒಂಬತ್ತಕ್ಕೆ ತಾತನ ಸೊಸೆ ಅಂಗಡಿಗೆ ಬಂದು ಬಾಗಿಲಲ್ಲೇ ನಿಂತಳು.

“ಅಣ್ಣಾ, ಇವತ್ತು ಮಾವನಿಗೆ ಹೊಟ್ಟೆ ಆಪರೇಷನ್ನು. ಹನ್ನೊಂದಕ್ಕೆ ಆಂಬುಲೆನ್ಸ್ ಬರುತ್ತೆ. ಗಡ್ಡ ತೆಗೆಯೋವರೆಗೂ ಮಂಚದಿಂದ ಎತ್ತಕ್ಕೆ ಬಿಡಲ್ಲ ಅಂತ ಕೂತಿದ್ದಾರೆ. ಮಧ್ಯಾಹ್ನದೊಳಗೆ ಸೇರದಿದ್ರೆ ಮತ್ತೆ ಎರಡು ತಿಂಗಳು ಸರದಿ ಇಲ್ವಂತೆ. ಅಷ್ಟು ದಿನ ತಡೆಯಲ್ಲ ಅಂದ್ರು ಡಾಕ್ಟ್ರು.”

“ನಿಮ್ಮ ಮನೆಯವರೇ ತೆಗೀಬಹುದಿತ್ತಲ್ಲಮ್ಮ.”

“ಹೋದ ವಾರ ತೆಗೆಯೋಕೆ ಹೋದ್ರು. ಶುರುವಲ್ಲೇ ಮಾವನ ಕಿವಿಗೆ ಮೂರು ಹೊಲಿಗೆ ಬಿತ್ತು, ಅಲ್ಲಿಗೇ ಬಿಟ್ರು.”

ಕನ್ನಡಿಯಣ್ಣನು ಕನ್ನಡಿಯಲ್ಲಿ ಗಾಡಿಯನ್ನೊಮ್ಮೆ ನೋಡಿ, ಚೀಲವನ್ನು ಹೆಗಲಿಗೇರಿಸಿ ಹೊರಟನು.

ಕಟ್ಟಡದ ನೆಲಮಹಡಿಯಲ್ಲಿ ಒಂದು ಗ್ಯಾರೇಜಿತ್ತು. ಅದರ ಮೇಸ್ತ್ರಿ ಎಣ್ಣೆಗೈ ಒರೆಸಿಕೊಳ್ಳುತ್ತ, “ಇಲ್ಲೇ ಬಿಟ್ಟು ಹೋಗಣ್ಣ, ನಾನು ನೋಡ್ಕೋತೀನಿ,” ಎಂದನು. ಕನ್ನಡಿಯಣ್ಣನ ಕಣ್ಣು ಗ್ಯಾರೇಜಿನ ಗೋಡೆಯ ಮೇಲೆ ಹರಿಯಿತು: ಸ್ಪ್ಯಾನರುಗಳು, ಸರಪಳಿ ಕತ್ತರಿಸುವ ಕಟರು, ನೂರಾರು ಹಳೆಯ ಕೀಗಳು. ಗಾಡಿ ಕದಿಯಲು ಬೇಕಾದ ಸಾಮಾನೆಲ್ಲವೂ ಒಂದೇ ಗೋಡೆಯ ಮೇಲಿತ್ತು.

“ಬೇಡ ಮೇಸ್ತ್ರಿ. ಮೇಲಕ್ಕೇ ತಗೊಂಡು ಹೋಗ್ತೀನಿ.”

“ಏನನ್ನ?”

“ಗಾಡೀನ.”

ಪಕ್ಕದ ಬೇಕರಿಯಲ್ಲಿ ಹಿಟ್ಟು ನಾದುವ ಇಬ್ಬರು ಗಟ್ಟಿಗರನ್ನು ಕರೆತಂದು, ಒಬ್ಬನನ್ನು ಮುಂದಿನ ಚಕ್ರಕ್ಕೂ ಒಬ್ಬನನ್ನು ಹಿಂದಿನ ಚಕ್ರಕ್ಕೂ ಹಚ್ಚಿ, ತಾನು ಹ್ಯಾಂಡಲು ಹಿಡಿದು, ಅವನು ಒಂದೊಂದೇ ಮೆಟ್ಟಿಲು ಏರಿಸಿದನು. ಮೊದಲ ಮಹಡಿ ಸುಸೂತ್ರವಾಗಿ ದಾಟಿತು. ಎರಡನೆಯ ಮಹಡಿಯ ತಿರುವಿನಲ್ಲಿ ಹ್ಯಾಂಡಲಿನ ಒಂದು ತುದಿ ಗೋಡೆಗೂ ಇನ್ನೊಂದು ತುದಿ ಕಟಕಟೆಗೂ ಸಿಕ್ಕಿಕೊಂಡಿತು. ಕಾಲಿಡುವ ಕಬ್ಬಿಣವು ಕಟಕಟೆಯ ಸರಳುಗಳ ನಡುವೆ ಹೊಕ್ಕಿತು. ಎತ್ತಿದರೆ ಏಳದು, ಇಳಿಸಿದರೆ ಇಳಿಯದು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಇಳಿಯುತ್ತಿದ್ದ ಹೆಂಗಸೊಬ್ಬಳು ಸೀಟಿನ ಮೇಲೆ ಬುಟ್ಟಿಯನ್ನಿಟ್ಟು ಕಾಯುತ್ತ ನಿಂತಳು.

“ಬೇಸರ ಮಾಡ್ಕೋಬೇಡಿ, ಇನ್ನೊಂದು ನಿಮಿಷ,” ಎಂದನು ಕನ್ನಡಿಯಣ್ಣ.

“ನಿಧಾನಕ್ಕೆ ಮಾಡಪ್ಪ. ಬಟ್ಟೆ ಇಲ್ಲೇ ಒಣಗುತ್ತೆ.”

ಮೇಲಿನಿಂದ ತಾತನ ಧ್ವನಿ ಕೇಳಿಬಂತು. “ಏನದು ಸದ್ದು?”

“ಕನ್ನಡಿಯಣ್ಣನ ಗಾಡಿ ಮಾವ, ಎರಡನೇ ತಿರುವಲ್ಲಿ ನಿಂತಿದೆ,” ಎಂದು ಹಿಂದೆಯೇ ಬಂದಿದ್ದ ಸೊಸೆ ಕೂಗಿದಳು.

“ಸಿಗ್ನಲ್ ಇಲ್ದೆ ಒಳಗೆ ಬಿಟ್ಟವರ್ಯಾರು?”

ಹತ್ತೂವರೆಗೇ ಆಂಬುಲೆನ್ಸ್ ಬಂದುಬಿಟ್ಟಿತು. ಸ್ಟ್ರೆಚರ್ ಹಿಡಿದ ಇಬ್ಬರು ಮೆಟ್ಟಿಲೇರಿ, ಮೋಟಾರ್ ಸೈಕಲ್ಲನ್ನೂ ಪರಸ್ಪರರನ್ನೂ ನೋಡಿದರು. “ಇದರ ಮೇಲೆ ಪೇಷಂಟನ್ನ ದಾಟಿಸೋಕೆ ಆಗಲ್ಲ. ಇನ್ನೊಂದು ಮೆಟ್ಟಿಲಿದೆಯಾ?” ಎಂದು ಕೇಳಿದನು ಒಬ್ಬ. ಇರಲಿಲ್ಲ.

ಒಬ್ಬ ಮುದುಕನ ಬದುಕಿಗೂ ಬೀದಿಗೂ ನಡುವೆ ತಾನೇ ತಂದು ಸಿಕ್ಕಿಸಿದ ಕಬ್ಬಿಣವಿದೆಯೆಂಬುದು, ಯಾವ ಪ್ರವಚನವೂ ತಿಳಿಸಲಾರದಷ್ಟು ಸ್ಪಷ್ಟವಾಗಿ ಆಗ ಕನ್ನಡಿಯಣ್ಣನಿಗೆ ತಿಳಿಯಿತು. ಅವನು ಕಟಕಟೆಯಿಂದ ಬಗ್ಗಿ ಕೂಗಿದನು.

“ಮೇಸ್ತ್ರಿ, ಸ್ಪ್ಯಾನರ್ ತಗೊಂಡು ಬಾ. ಬಿಚ್ಚು ಇದನ್ನ.”

ಮೇಸ್ತ್ರಿ ಬಂದು ಗಾಡಿಯನ್ನು ಸುತ್ತಲೂ ನೋಡಿದನು. “ಹ್ಯಾಂಡಲ್ ಬಿಚ್ಚಬೇಕು, ಮುಂದಿನ ಚಕ್ರ ಬಿಚ್ಚಬೇಕು, ಟ್ಯಾಂಕೂ ಇಳಿಸಬೇಕು. ಗ್ಯಾರೇಜಲ್ಲಿ ಜಾಗ ಇಲ್ಲ, ಸಾಮಾನೆಲ್ಲ ಬೀದೀಲಿ ಇಡ್ಬೇಕಾಗುತ್ತೆ. ಇವರಿಬ್ಬರೂ ಇಲ್ಲಿ ಗಾಡಿ ಹಿಡ್ಕೋಬೇಕು, ಕೆಳಗೆ ಯಾರೂ ಇಲ್ಲ ಕಾಯೋಕೆ. ನೀನು ಹೋಗಿ ನಿಂತ್ಕೋ.”

“ನಾನು ನಿಂತ್ರೆ ತಾತನ ಗಡ್ಡ ಯಾರು ತೆಗೀತಾರೆ?”

“ಆಮೇಲೆ ನನ್ನನ್ನ ಕೇಳಬೇಡ.”

“ಕೇಳಲ್ಲ.”

ಹಾಗೆಂದು ಅವನು ಬಟ್ಟೆಯ ಬುಟ್ಟಿಯನ್ನು ಹೆಂಗಸಿನ ಕೈಗೆ ಕೊಟ್ಟು, ಚೀಲವನ್ನು ಎದೆಗವಚಿಕೊಂಡು, ಸೀಟಿನ ಮೇಲೆ ಮಂಡಿಯೂರಿ, ತನ್ನ ಗಾಡಿಯನ್ನೇ ಹತ್ತಿ ಆಚೆಗಿಳಿದು ಮೇಲಕ್ಕೋಡಿದನು.

ಹಿಂಬದಿಯ ಆ ಕೋಣೆಯಲ್ಲಿ ಒಂದು ಮಂಚ, ಔಷಧಿಯ ಬಾಟಲಿಗಳಿದ್ದ ಒಂದು ಸ್ಟೂಲು, ಬಣ್ಣ ಹೋದ ಗೋಡೆ. ತಾತನ ಮುಖ ಬಿಳಿಯ ಪೊದೆಯಾಗಿತ್ತು. ಕನ್ನಡಿಯಣ್ಣ ಮೊದಲು ಕತ್ತರಿಯಿಂದ ಸವರಿ, ಬಿಸಿನೀರಿನ ಬಟ್ಟೆಯನ್ನು ಹಾಕಿ, ಬ್ರಷ್ಷಿನಿಂದ ನೊರೆ ಎಬ್ಬಿಸಿದನು. ಒಂದು ಕ್ಷಣ ಕಣ್ಣು ಮುಚ್ಚಿದನು, ಎರಡನ್ನೂ. ಆಮೇಲೆ ರೇಜರನ್ನು ಕೆನ್ನೆಗಿಟ್ಟನು.

“ಐದು ವಾರ ಲೇಟು,” ಎಂದರು ತಾತ, ನೊರೆಯೊಳಗಿಂದ.

“ತಪ್ಪಾಯ್ತು ತಾತ.”

ಕೆಳಗೆ ಕಬ್ಬಿಣದ ಮೇಲೆ ಕಬ್ಬಿಣ ಬೀಳುವ ಸದ್ದು. ಆಮೇಲೆ ಯಾವುದೋ ದುಂಡಗಿನ ವಸ್ತುವು ಮೆಟ್ಟಿಲ ಮೇಲೆ ಟಣ್ ಟಣ್ಣೆಂದು ಕುಪ್ಪಳಿಸುತ್ತ ಬೀದಿಯವರೆಗೂ ಉರುಳಿಹೋದ ಸದ್ದು.

“ಅದೇನು ಹೋಗಿದ್ದು?”

“ಮುಂದಿನ ಚಕ್ರ ಇರಬೇಕು.”

“ಹೋಗಿ ನೋಡಲ್ವೇನೋ?”

“ಸುಮ್ನಿರಿ ತಾತ, ಮೂಗಿನ ಕೆಳಗೆ ಇದ್ದೀನಿ,” ಎಂದು ಕನ್ನಡಿಯಣ್ಣನು ಮುದುಕನ ಗದ್ದವನ್ನು ಎರಡು ಬೆರಳುಗಳಿಂದ ಮೆಲ್ಲಗೆ ಎತ್ತಿ, ಅವರ ಮುಖವನ್ನು ಇನ್ನೊಂದು ಕಡೆಗೆ ತಿರುಗಿಸಿಕೊಂಡನು.